ಒಂದು ಕಟಿಂಗ್ ಹೊತ್ತಿನ ಆಟ

ಅಪ್ಪ ಅಮ್ಮ ಇಟ್ಟ ಹೆಸರೊಂದು ಅವನಿಗೂ ಇತ್ತು. ಆದರೆ ಬೀದಿಯವರೆಲ್ಲ ಕರೆಯುತ್ತಿದ್ದುದು ನಿಧಾನಪ್ಪ ಎಂದೇ. ಒಂದೇ ಕುರ್ಚಿಯ ಕಟಿಂಗ್ ಶಾಪು ಅವನದು. ಆ ಕುರ್ಚಿಯಲ್ಲಿ ತಲೆ ಕೊಟ್ಟು ಕೂತವರು ಸಣ್ಣದೊಂದು ನಿದ್ದೆ ತೆಗೆದು, ಎಚ್ಚರಾಗಿ, ಇನ್ನೂ ಮುಗಿದಿಲ್ಲವೆಂದು ತಿಳಿದು ಮತ್ತೆ ನಿದ್ದೆ ಹೋಗುತ್ತಿದ್ದರು. ಎರಡು ಕಿವಿಗಳ ಮುಂದಿನ ಕೂದಲು ಒಂದೇ ಮಟ್ಟಕ್ಕೆ ಬರುವವರೆಗೆ ಅವನಿಗೆ ಸಮಾಧಾನವಿಲ್ಲ. ಎಡಗಡೆ ಕೊಂಚ ತೆಗೆದರೆ ಬಲಗಡೆ ಉದ್ದವೆನಿಸುವುದು. ಬಲಗಡೆ ತೆಗೆದರೆ ಎಡಗಡೆ ಅನುಮಾನ. ಹಿಂದಕ್ಕೆ ಸರಿದು, ಒಂದು ಕಣ್ಣು ಮುಚ್ಚಿ, ಬಾಗಿಲವರೆಗೂ ಹೋಗಿ ನೋಡಿ ಬರುವನು. ಅವನ ಕೆಲಸಕ್ಕೆ ಯಾರೂ ಹೆಸರಿಡುವಂತಿರಲಿಲ್ಲ. ಬೆಂಚಿನ ಮೇಲೆ ಕಾಯುವವರ ಪಾಡು ಮಾತ್ರ ಕೇಳಬಾರದು.

ಎದುರುಗಡೆ ಗಾಜಿನ ಬಾಗಿಲಿನ ಹೊಸ ಅಂಗಡಿ ಬರುವವರೆಗೆ ಇದರಿಂದ ಏನೂ ತೊಂದರೆಯಾಗಿರಲಿಲ್ಲ. ಕಾಯದೆ ಹೋಗುವುದಾದರೂ ಎಲ್ಲಿಗೆ? ಈಗ ಅಲ್ಲಿ ತಿರುಗುವ ಕುರ್ಚಿ, ತಣ್ಣನೆ ಗಾಳಿ, ಕೂತವನು ಬಾಯಿ ಬಿಡುವ ಮುಂಚೆಯೇ ಕೆಲಸ ಮುಗಿಸಿಬಿಡುವ ಗುಂಯ್‌ಗುಡುವ ಮಷೀನು. ಸಾಲದ್ದಕ್ಕೆ ನಿಧಾನಪ್ಪನ ಕನ್ನಡಿಯಲ್ಲಿ ಬೀದಿ ಪೂರ್ತಿ ಕಾಣುತ್ತಿತ್ತು. ಬೆಂಚಿನವನು ಗಡಿಯಾರ ನೋಡುವುದು, ಎದುರಿನ ಗಾಜು ನೋಡುವುದು, ಫೋನು ಬಂದವನ ಹಾಗೆ ನಟಿಸುತ್ತ ಹೊರಗೆ ನಡೆಯುವುದು, ರಸ್ತೆ ದಾಟುವುದು, ಎಲ್ಲವೂ ಕಣ್ಣೆದುರಿಗೇ. ಕೈಯಲ್ಲಿ ಇನ್ನೊಬ್ಬನ ತಲೆ, ಕೂಗಿ ಕರೆಯುವಂತಿಲ್ಲ. ಒಂದು ದಿನ ಹಾಗೆ ದಾಟಿದವನು, ಚಿಕ್ಕಂದಿನಲ್ಲಿ ಮೊದಲ ಸಲ ಕೂದಲು ತೆಗೆಸುವಾಗ ಅತ್ತು ರಂಪ ಮಾಡಿ ನಿಧಾನಪ್ಪನ ಕೈ ಕಚ್ಚಿದ್ದ ಹುಡುಗ. ಈಗ ಮೀಸೆ ಬಂದಿತ್ತು. ಆ ಮೀಸೆಯನ್ನು ಮೊದಲು ತಿದ್ದಿದವನೂ ನಿಧಾನಪ್ಪನೇ. ಅವತ್ತು ಅವನಿಗೆ ಊಟ ಸೇರಲಿಲ್ಲ.

"ಸ್ವಲ್ಪ ಬೇಗ ಬೇಗ ಮಾಡ್ಬಾರ್ದಾ ನೀವೂ?" ಎಂದಳು ಹೆಂಡತಿ.

"ಬೇಗ ಬೇಕಾದೋರು ಅವನ ಹತ್ರಾನೇ ಹೋಗ್ತಾರಲ್ಲೇ. ನಂಗೆ ಬರೋದು ಇಷ್ಟೇ. ಹಿಂಗೇ ಆದ್ರೆ ಬಾಗಿಲು ಹಾಕ್ಬೇಕು, ಇನ್ನೇನು."

ಉಪಾಯ ಹೊಳೆದದ್ದು ಒಬ್ಬ ಗಿರಾಕಿಯಿಂದ. ಅವನು ಬೆಂಚಿನ ತುದಿಯಲ್ಲಿ ಕೂತು ಫೋನಿನಲ್ಲಿ ಆಟ ಆಡುತ್ತಿದ್ದ. ತನ್ನ ಸರದಿ ಬಂದದ್ದು, ಹೋದದ್ದು, ತನ್ನ ಹಿಂದೆ ಬಂದವರು ಮುಗಿಸಿಕೊಂಡು ಹೋದದ್ದು, ಯಾವುದರ ಪರಿವೆಯೂ ಇಲ್ಲ. ಚಾರ್ಜು ಮುಗಿದ ಮೇಲೆ ತಲೆಯೆತ್ತಿ, "ನಂದು ಇನ್ನೂ ಲೇಟಾ ಅಣ್ಣ?" ಎಂದ. ನಿಧಾನಪ್ಪ ಕತ್ತರಿ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದ. ಆಟದಲ್ಲಿ ಮುಳುಗಿದವನು ಗಡಿಯಾರವನ್ನೂ ನೋಡುವುದಿಲ್ಲ, ಎದುರಿನ ಗಾಜನ್ನೂ ನೋಡುವುದಿಲ್ಲ. ಬೆಂಚಿನ ಪಕ್ಕಕ್ಕೆ ಅಗ್ಗದ್ದೊಂದು ಹಳೇ ಕಂಪ್ಯೂಟರ್ ತಂದಿಟ್ಟು ಆಟ ಹಾಕಿಬಿಟ್ಟರೆ ಆಯಿತು.

"ನನ್ನ ತಮ್ಮನ್ನ ಕರ್ಕೊಂಡು ಹೋಗಿ. ನಿಮ್ಗೆ ಅದ್ರ ತಲೆ ಬುಡ ಗೊತ್ತಾಗಲ್ಲ," ಎಂದಳು ಹೆಂಡತಿ. ತಮ್ಮ ಒಂದು ಕಾಲೇಜಿನ ಕಂಪ್ಯೂಟರ್ ಕೋಣೆ ನೋಡಿಕೊಳ್ಳುತ್ತಿದ್ದವನು. ಭಾವನಿಗೆ ಬುದ್ಧಿ ಹೇಳುವ ಅವಕಾಶ ಸಿಕ್ಕರೆ ಊಟ ಬಿಟ್ಟು ಬರುತ್ತಿದ್ದ. ಬಂದ.

ಹಳೇ ಕಂಪ್ಯೂಟರ್ ಅಂಗಡಿಯಲ್ಲಿ ಒಂದರ ಮೇಲೊಂದು ಪೇರಿಸಿದ ಡಬ್ಬಗಳು, ವೈರುಗಳ ಗೋಜಲು, ಅದರ ನಡುವೆ ಕುತ್ತಿಗೆಯ ಕೆಳಗಿನವರೆಗೆ ಕೂದಲು ಬಿಟ್ಟುಕೊಂಡ ಅಂಗಡಿಯವನು. ಅವನನ್ನು ನೋಡಿದ್ದೇ ನಿಧಾನಪ್ಪನ ಕೈ ತುರಿಸತೊಡಗಿತು. ಅಂಗಡಿಯವನು ಒಂದು ಬೂದುಬಣ್ಣದ ಡಬ್ಬವನ್ನು ಎಳೆದು ಒರೆಸಿದ. "ಆಫೀಸಿಂದ ಬಂದಿದ್ದು ಸಾರ್. ಇಷ್ಟು ಅಗ್ಗಕ್ಕೆ ಇನ್ನೆಲ್ಲೂ ಸಿಗಲ್ಲ."

ಭಾವಮೈದುನ ಮುಚ್ಚಳ ತೆಗೆದು, ಟಾರ್ಚು ಬಿಟ್ಟು, ಒಳಗೆ ಮೂಗು ತೂರಿಸಿದ. "ಗ್ರಾಫಿಕ್ಸ್ ಕಾರ್ಡೇ ಇಲ್ಲ. ಮೆಮೊರಿ ಕಮ್ಮಿ. ಪ್ರೊಸೆಸರ್ ನಮ್ಮಜ್ಜನ ಕಾಲದ್ದು. ಭಾವ, ಇದು ಕಾಗದ ಟೈಪ್ ಮಾಡೋಕೆ ಸರಿ, ಗೇಮಿಂಗ್‌ಗೆ ಆಗಲ್ಲ."

"ಆಡಿ ನೋಡಿ ಸಾರ್, ಆಮೇಲೆ ಮಾತಾಡಿ," ಎಂದ ಅಂಗಡಿಯವನು, ಕಾರು ಓಡಿಸುವ ಆಟವೊಂದನ್ನು ಹಾಕಿಕೊಟ್ಟ. ಪರೀಕ್ಷೆ ಮಾಡುವ ಗತ್ತಿನಲ್ಲಿ ಕೂತ ಭಾವಮೈದುನ ಎರಡು ತಿರುವು ದಾಟುವಷ್ಟರಲ್ಲಿ ನಾಲಗೆ ಹೊರಗೆ ಹಾಕಿ ಆಡುತ್ತಿದ್ದ. ನಿಧಾನಪ್ಪ ಕರೆದ. ಕೇಳಿಸಲಿಲ್ಲ. ಭುಜ ತಟ್ಟಿದ. ಭುಜ ಕೊಡವಿಕೊಂಡ. ಸ್ವಲ್ಪ ಹೊತ್ತಿಗೆ ಡಬ್ಬದೊಳಗಿನ ಫ್ಯಾನು ಕಿರ್ರೆಂದು ಅರಚಿ, ಪರದೆ ಕಪ್ಪಾಯಿತು. ಭಾವಮೈದುನ ಕೈ ಕೊಡವಿ ಎದ್ದ.

"ನೋಡಿದ್ರಾ? ಬಿಸಿ ತಡ್ಯಲ್ಲ. ನಡೀರಿ ಹೋಗೋಣ."

"ತಣ್ಣಗಾದ್ರೆ ಮತ್ತೆ ಆನ್ ಆಗುತ್ತೆ ಸಾರ್," ಎಂದು ಅಂಗಡಿಯವನು ಹಲ್ಲು ಗಿಂಜಿದ.

ನಿಧಾನಪ್ಪ ಮಾತ್ರ ಕದಲಲಿಲ್ಲ. "ಎದ್ದೆಯಲ್ಲ?" ಎಂದ ಭಾವಮೈದುನನಿಗೆ.

"ಆಫ್ ಆಯ್ತಲ್ಲ, ಎದ್ದೆ."

"ಕರೆದ್ರೆ ಏಳ್ಲಿಲ್ಲ. ಆಫ್ ಆದ್ಮೇಲೆ ಎದ್ದೆ. ಇನ್ನೊಂದ್ಸಲ ಆಡು."

ಯಂತ್ರ ತಣ್ಣಗಾದ ಮೇಲೆ ಭಾವಮೈದುನ ಗೊಣಗುತ್ತ ಕೂತ. ನಿಧಾನಪ್ಪ ಅಂಗಡಿಯವನನ್ನು ಸ್ಟೂಲಿನ ಮೇಲೆ ಕೂರಿಸಿದ. "ನನ್ನನ್ನ ಯಾಕೆ?" ಎಂದು ಅವನು ಕೇಳುವಷ್ಟರಲ್ಲಿ ಕುತ್ತಿಗೆಗೆ ಹಳೇ ಪೇಪರು ಬಂದಿತ್ತು, ಜೇಬಿನಿಂದ ಬಾಚಣಿಗೆ ಕತ್ತರಿ ಹೊರಬಂದಿದ್ದವು. "ಟೆಸ್ಟ್ ಮಾಡ್ಬೇಕು, ಅಲ್ಲಾಡ್ಬೇಡಿ," ಎಂದ ನಿಧಾನಪ್ಪ. ಅಲ್ಲಿ ಕಾರು ಓಡಿತು, ಇಲ್ಲಿ ಕತ್ತರಿ. ಎಡಗಡೆ ಕೊಂಚ, ಬಲಗಡೆ ಕೊಂಚ. ಹಿಂದಕ್ಕೆ ಸರಿದು, ಒಂದು ಕಣ್ಣು ಮುಚ್ಚಿ, ಬಾಗಿಲವರೆಗೆ ಹೋಗಿ ನೋಡಿ ಬಂದ. ಕೊನೆಗೆ ಬಗ್ಗಿ ಕುತ್ತಿಗೆಯ ಮೇಲಿನ ಕೂದಲನ್ನು ಉಫ್ ಎಂದು ಊದಿದ. ಫ್ಯಾನು ಕಿರ್ರೆಂದಿತು. ಪರದೆ ಕಪ್ಪಾಯಿತು.

"ಇದೇ ಕೊಡಿ," ಎಂದ ನಿಧಾನಪ್ಪ. ಒಳ್ಳೆಯ ಕಂಪ್ಯೂಟರ್ ಆದರೆ ಕೂತವನು ಏಳುವುದೇ ಇಲ್ಲ. ಇದು ಸರಿಯಾಗಿ ಒಂದು ಕಟಿಂಗ್ ಹೊತ್ತು ಆಡಿಸಿ, ತಾನಾಗಿ ಎಬ್ಬಿಸಿ ಕಳಿಸುತ್ತದೆ. ಇಷ್ಟನ್ನು ಬಿಡಿಸಿ ಹೇಳಿದರೂ ಭಾವಮೈದುನನಿಗೆ ತಲೆಗೆ ಹೋಗಲಿಲ್ಲ. ದಾರಿಯುದ್ದಕ್ಕೂ ಮುಖ ಊದಿಸಿಕೊಂಡೇ ಬಂದ.

ಯಂತ್ರ ಹೇಳಿ ಮಾಡಿಸಿದ ಹಾಗೆ ನಡೆಯಿತು. ಆಡುತ್ತಿದ್ದವನು ಪರದೆ ಕಪ್ಪಾಗಿ "ಥತ್" ಎಂದು ಎದ್ದರೆ ಕುರ್ಚಿ ಖಾಲಿ, ಬಂದು ಕೂರುತ್ತಿದ್ದ. ಅವನಿಗೆ ಬಟ್ಟೆ ಹೊದಿಸಿ ನೀರು ಚಿಮುಕಿಸುವಷ್ಟರಲ್ಲಿ ಯಂತ್ರ ತಣ್ಣಗಾಗಿ ಬೆಂಚಿನಲ್ಲಿದ್ದ ಮುಂದಿನ ಸರದಿಯವನು ಶುರುಮಾಡುತ್ತಿದ್ದ. ಕನ್ನಡಿಯಲ್ಲಿ ರಸ್ತೆ ದಾಟುವ ಬೆನ್ನುಗಳು ಕಾಣುವುದು ನಿಂತಿತು. ನಿಧಾನಪ್ಪ ಹಿಗ್ಗಿ ಹೀರೇಕಾಯಿಯಾದ.

ಇದನ್ನು ಸಹಿಸದವನು ಭಾವಮೈದುನ ಒಬ್ಬನೇ. ತಾನು ನೋಡಿ ತಂದ ಕಂಪ್ಯೂಟರ್ ಪದೇ ಪದೇ ಆಫ್ ಆಗುತ್ತದೆ ಎಂದು ಹತ್ತು ಜನರ ಬಾಯಲ್ಲಿ ಬಂದರೆ ಅವನ ಮರ್ಯಾದೆ ಏನಾಗಬೇಕು? ಅಂಗಡಿಗೆ ರಜೆಯಿದ್ದ ದಿನ ಅಕ್ಕನಿಂದ ಬೀಗದ ಕೈ ಇಸಿದುಕೊಂಡು ಹೋಗಿ, ಡಬ್ಬ ಬಿಚ್ಚಿ, ಧೂಳು ತೆಗೆದು, ಹೊಸ ಫ್ಯಾನು ಕೂರಿಸಿಬಿಟ್ಟ. "ಭಾವನಿಗೆ ನನ್ನ ಕಡೆಯಿಂದ," ಎಂದು ಬೇರೆ ಹೇಳಿ ಹೋದ.

ಮಾರನೆಯ ದಿನ ಆಟಕ್ಕೆ ಕೂತವನು ಜಪ್ಪಯ್ಯ ಅಂದರೂ ಏಳಲಿಲ್ಲ. "ಇದೊಂದು ರೌಂಡ್ ಅಣ್ಣ," ಎಂದ. ಬೆಂಚಿನವರೋ, ತಾವು ಎದ್ದರೆ ಆಟದ ಸರದಿ ತಪ್ಪೀತೆಂದು ಕುರ್ಚಿಯ ಕಡೆ ತಿರುಗಿಯೂ ನೋಡಲಿಲ್ಲ. ನಿಧಾನಪ್ಪ ಬಟ್ಟೆ ಕೊಡವಿದ, ಮಡಚಿದ, ಮತ್ತೆ ಕೊಡವಿದ. ಅಂಗಡಿ ತುಂಬ ಜನ, ಕುರ್ಚಿ ಖಾಲಿ. ಸ್ವಿಚ್ ಆರಿಸೋಣವೆಂದು ಕೈ ಚಾಚಿದರೆ ಎಲ್ಲರೂ ಕೊಲೆಗಾರನನ್ನು ನೋಡಿದ ಹಾಗೆ ನೋಡಿದರು. ದಿನಾ ಇದೇ ಕಥೆಯಾಗಿ ಬೀದಿಯ ಗಂಡಸರ ಕೂದಲೆಲ್ಲ ಕಿವಿ ಮುಚ್ಚತೊಡಗಿತು. ಕೊನೆಗೆ ನೊಣ ಹೊಡೆದು ಬೇಸತ್ತ ಗಾಜಿನಂಗಡಿಯವನೂ ರಸ್ತೆ ದಾಟಿ ಬಂದು, "ನಂದೂ ಒಂದು ಪಾಳಿ ಅಣ್ಣ," ಎಂದು ಬೆಂಚಿನಲ್ಲಿ ಕೂತ.

ಅವತ್ತು ಎಲ್ಲರನ್ನೂ ಸಾಗಹಾಕಿ, ಬಾಗಿಲು ಅರ್ಧ ಎಳೆದುಕೊಂಡು, ನಿಧಾನಪ್ಪ ಮೂಲೆಯ ಚೀಲದಲ್ಲಿ ಗುಡಿಸಿಟ್ಟಿದ್ದ ಹಳೇ ಕೂದಲನ್ನು ತೆಗೆದ. ಭಾವಮೈದುನನಿಗೆ ಮನಸ್ಸಿನಲ್ಲೇ ತಪ್ಪಾಯಿತೆಂದು ಹೇಳಿ, ಡಬ್ಬಕ್ಕೆ ಗಾಳಿಯಾಡುವ ತೂತುಗಳಿಗೆ ತುರುಕಿದ. ಹೆಚ್ಚಾಯಿತೆನಿಸಿ ಕೊಂಚ ತೆಗೆದ. ಕಡಿಮೆಯಾಯಿತೆನಿಸಿ ಕೊಂಚ ಸೇರಿಸಿದ. ಹಿಂದಕ್ಕೆ ಸರಿದು ಒಂದು ಕಣ್ಣು ಮುಚ್ಚಿ ನೋಡಿದ.

ಮರುದಿನ ಎಲ್ಲರಿಗಿಂತ ಮೊದಲು ಬಂದು ಆಟಕ್ಕೆ ಕೂತವನು ಗಾಜಿನಂಗಡಿಯವನೇ. ಅವನ ಹಿಂದೆ ಬಂದ ಅಜ್ಜನ ಕಟಿಂಗ್ ಮುಗಿದು ಕುತ್ತಿಗೆ ಊದುವ ಹೊತ್ತಿಗೆ ಪರದೆ ಕಪ್ಪಾಯಿತು. ಅವನು "ಥತ್" ಎಂದು ಎದ್ದ. ಎದುರಿಗೆ ಖಾಲಿ ಕುರ್ಚಿ, ಪಕ್ಕದಲ್ಲಿ ಬಟ್ಟೆ ಹಿಡಿದು ನಿಂತ ನಿಧಾನಪ್ಪ.

"ನನ್ನ ತಲೆ ನಾನೇ ಮಾಡ್ಕೊಳ್ಳೋಕೆ ಆಗಲ್ಲ ನೋಡಿ," ಎಂದು ಅವನು ಮೆಲ್ಲಗೆ ಹೇಳಿ ಕೂತ. ಹಿಂಭಾಗ ಇಲಿ ತಿಂದ ಹಾಗಿತ್ತು. ನಿಧಾನಪ್ಪ ಬಾಚಣಿಗೆ ತೆಗೆದ. ಅರ್ಧ ಮುಗಿಯುವಷ್ಟರಲ್ಲಿ ಅವನ ಕಣ್ಣು ಮುಚ್ಚಿ ಹೋಗಿತ್ತು. ಕನ್ನಡಿಯಲ್ಲಿ ನೋಡಿದರೆ ಎದುರಿನ ಗಾಜಿನ ಬಾಗಿಲ ಹತ್ತಿರ ಯಾರೋ ನಿಂತು ಒಳಗೆ ಇಣುಕುತ್ತಿದ್ದರು.

"ನಿಮ್ಮ ಅಂಗಡಿಗೆ ಗಿರಾಕಿ ಬಂದಂಗಿದೆ," ಎಂದ ನಿಧಾನಪ್ಪ.

"ಕಾಯ್ಲಿ ಬಿಡಿ ಅಣ್ಣ," ಎಂದ ಅವನು ಕಣ್ಣು ಬಿಡದೆ. "ಆತುರ ಬೇಡ."

ನಿಧಾನಪ್ಪ ಹಿಂದಕ್ಕೆ ಸರಿದು, ಒಂದು ಕಣ್ಣು ಮುಚ್ಚಿ, ಬಾಗಿಲವರೆಗೆ ಹೋಗಿ ನೋಡಿದ. ಬಲಗಡೆ ಇನ್ನೂ ಕೊಂಚ ಉದ್ದವಿತ್ತು. ತಿರುಗಿ ಬರುವಾಗ ಅವನ ಬೆನ್ನ ಹಿಂದೆಯೇ, ಗಾಜಿನ ಬಾಗಿಲಲ್ಲಿ ಇಣುಕುತ್ತಿದ್ದ ಆ ಮೀಸೆಯ ಹುಡುಗ ರಸ್ತೆ ದಾಟಿ ಒಳಗೆ ಬಂದ. ಕೂದಲು ತುರುಕಿದ ಕಂಪ್ಯೂಟರ್ ಇನ್ನೂ ತಣ್ಣಗಾಗಿರಲಿಲ್ಲ. ಅವನು ಬೆಂಚಿನ ಮೇಲೆ ಸುಮ್ಮನೆ ಕೂತು ಕಾದ.