ಮರಳಿನ ದೇಶ ಕಲಿಸಿದ ಗಾಡಿ

ಈ ಸಲ ರಜೆಗೆ ಊರಿಗೆ ಹೊರಟಾಗ ನನ್ನ ಗಂಡ ವಿಮಾನ ನಿಲ್ದಾಣದಲ್ಲಿ ನಿಂತು ಹೇಳಿದರು: "ಕಂಪನಿಯವರು ಇನ್ನೂ ಮೂರು ವರ್ಷ ಇರ್ರಿ ಅಂತಾರ. ಇರೋಣೋ, ಗಂಟುಮೂಟಿ ಕಟ್ಟೋಣೋ, ನೀನ ಹೇಳು. ನೀ ಹೂಂ ಅಂದ್ರ ಸಹಿ ಮಾಡ್ತೀನಿ."

ಉತ್ತರ ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಸಾಕಪ್ಪಾ ಸಾಕು ಆ ಮರಳಿನ ದೇಶ! ನಿಲಂಗಾದಲ್ಲಿ ತವರುಮನೆ, ಉಮರ್ಗಾದಲ್ಲಿ ಅತ್ತೆಮನೆ, ಬಾಗಿಲು ತೆರೆದಿಟ್ಟು ಮಾಡುವ ಪೂಜೆ, ಇನ್ನೇನು ಬೇಕು ನನಗೆ? ಆದರೂ ಯಾಕೋ ಬಾಯಿ ಬಿಟ್ಟು ಹೇಳಲಿಲ್ಲ. ಊರಿಗೆ ಹೋಗಿ ಹೇಳುತ್ತೇನೆ ಎಂದೆ.

ಆ ದೇಶದಲ್ಲಿ ನಮ್ಮ ಪೂಜೆ ಯಾರ ಕಣ್ಣಿಗೂ ಬೀಳುವಂತಿಲ್ಲ; ನಾನು ಬೆಳಿಗ್ಗೆ ಲಿಂಗಪೂಜೆಗೆ ಕೂರುವ ಮೊದಲು ಕಿಟಕಿಯ ಪರದೆ ಎಳೆಯುತ್ತೇನೆ. ಕೊರಳಿನ ಲಿಂಗ ಕರಿ ನಿಲುವಂಗಿಯ ಒಳಗೇ ಇರಬೇಕು. ಹಣೆಯ ವಿಭೂತಿಯನ್ನು ಒರೆಸಿಕೊಂಡೇ ಹೊಸ್ತಿಲು ದಾಟಬೇಕು. ಹಾಗೆ ಒರೆಸಿಕೊಳ್ಳುವಾಗ ಪ್ರತಿ ಸಲವೂ ನನಗೆ ಮೈಯೆಲ್ಲ ಉರಿಯುತ್ತದೆ. ಯಾರಪ್ಪನ ಗಂಟು ಹೋಗುತ್ತದೆ ನನ್ನ ಹಣೆಯ ಮೇಲಿನ ಬೂದಿಯಿಂದ?

ಆದರೆ ನೋಡಿ, ನನಗೆ ಕಾರು ಓಡಿಸಲು ಕಲಿಸಿದ್ದೂ ಅದೇ ದೇಶ! ನಾನು ಹೋದ ಹೊಸತರಲ್ಲಿ ಅಲ್ಲಿ ಹೆಂಗಸರು ಗಾಡಿ ನಡೆಸುವಂತೆಯೇ ಇರಲಿಲ್ಲ. ಆಮೇಲೆ ಕಾನೂನು ಬದಲಾಯಿತು. ಸುದ್ದಿ ಕೇಳಿದ ದಿನ ಕೈಯಲ್ಲಿ ಸೌಟು ಹಿಡಿದುಕೊಂಡೇ ಅಡುಗೆಮನೆಯಲ್ಲಿ ಕುಣಿದುಬಿಟ್ಟೆ. ಕಲಿಸಿದವಳು ಕಣ್ಣಷ್ಟೇ ಕಾಣುವಂತೆ ಮುಖ ಮುಚ್ಚಿಕೊಂಡ ಹೆಂಗಸು. ಬ್ರೇಕು ತಡವಾದರೆ ನನ್ನ ತೊಡೆಗೇ ಗುದ್ದುತ್ತಿದ್ದಳು. ಲೈಸೆನ್ಸು ಕೈಗೆ ಬಂದಾಗ ಅವಳನ್ನು ತಬ್ಬಿಕೊಂಡು ಅತ್ತೆ.

ಹಳೆಯದೊಂದು ಕಾರು ಕೊಂಡೆವು. ಮೊದಲ ಸಲ ಹೊರಡುವಾಗ ನಿಲಂಗಾದಿಂದ ಅವ್ವ ವಿಡಿಯೋ ಕಾಲ್ ಮಾಡಿ, "ಗಾಲಿ ಬುಡಕ ಲಿಂಬಿಹಣ್ಣ ಇಡದs ಗಾಡಿ ಅಲುಗಾಡಸಬ್ಯಾಡ ನೋಡವಾ" ಎಂದು ಅಪ್ಪಣೆ ಮಾಡಿದಳು. ನಮ್ಮ ಕಡೆ ಹೊಸ ಗಾಡಿಯನ್ನು ಲಿಂಬೆಹಣ್ಣಿನ ಮೇಲೆ ಹಾಯಿಸದೆ ಯಾರೂ ಹೊರಗೆ ತೆಗೆಯುವುದಿಲ್ಲ. ನಾನೂ ಹಿಂದೆಮುಂದೆ ನೋಡದೆ ನಾಲ್ಕೂ ಗಾಲಿಗೆ ಇಟ್ಟೆ, ಒಂದೊಂದಕ್ಕೂ ಕುಂಕುಮ ಹಚ್ಚಿ! ಗಂಡ ಮಹಡಿಯಿಂದ ಎದ್ದೆನೋ ಬಿದ್ದೆನೋ ಎಂದು ಓಡಿ ಬಂದರು. "ಹುಚ್ಚಿ, ತಲಿ ನೆಟ್ಟಗದನ ನಿಂದು? ಇಲ್ಲಿ ಇದಕ್ಕ ಮಾಟ ಅಂತಾರ. ಜೇಲಿಗೆ ಹಾಕ್ತಾರ!"

ನನ್ನ ಜೀವ ಬಾಯಿಗೆ ಬಂತು. ಎದುರು ಮನೆಯ ವಯಸ್ಸಾದ ಹೆಂಗಸು, ಆ ದೇಶದವಳೇ, ಬಾಗಿಲಲ್ಲಿ ನಿಂತು ಎಲ್ಲ ನೋಡಿದ್ದಳು. ನೆಟ್ಟಗೆ ನನ್ನ ಹತ್ತಿರ ಬಂದಳು. ಹರಕುಮುರುಕು ಅರಬಿಯಲ್ಲಿ, "ದೃಷ್ಟಿ ಆಗದಿರಲಿ ಅಂತ ಅಮ್ಮ ಹೇಳಿದಳು" ಎಂದೆ. ಅವಳು ಬಗ್ಗಿ ನಾಲ್ಕೂ ಹಣ್ಣು ಎತ್ತಿಕೊಂಡಳು, ಕುಂಕುಮವನ್ನು ತನ್ನ ಕರಿ ಬಟ್ಟೆಗೆ ಒರೆಸಿದಳು, ಚೀಲಕ್ಕೆ ಹಾಕಿಕೊಂಡಳು. ಆಮೇಲೆ ಕಾರಿನ ಬಾಗಿಲು ತೆರೆದು ನನ್ನ ಪಕ್ಕದ ಸೀಟಿನಲ್ಲಿ ಕೂತು, ತನ್ನ ತಂಗಿಯ ಮನೆಗೆ ಬಿಡು ಎಂದಳು! ದಾರಿಯುದ್ದಕ್ಕೂ ಇಬ್ಬರೂ ನಕ್ಕಿದ್ದೇ ನಕ್ಕಿದ್ದು.

ಇಷ್ಟೆಲ್ಲ ತಲೆಯಲ್ಲಿ ಇಟ್ಟುಕೊಂಡೇ ಊರಿಗೆ ಬಂದೆ. ಅಪ್ಪನಿಗೆ ಉದಗೀರಿನ ಮೋಂಢಾದಲ್ಲಿ, ಅಂದರೆ ಧಾನ್ಯದ ಪೇಟೆಯಲ್ಲಿ, ಅಂಗಡಿ ಇದೆ. ಮನೆಯಲ್ಲಿ ಕಾರೂ ಇದೆ. ನಾನು ಹುಡುಗಿಯಾಗಿದ್ದಾಗಿನಿಂದಲೂ ಅದರ ಕೀಲಿಯನ್ನು ಮುಟ್ಟಿದವಳಲ್ಲ. ಈ ಸಲ ಅಪ್ಪ, ಅವ್ವ, ನಾನು ಮೂವರೂ ನಿಲಂಗಾದಿಂದ ಅಂಗಡಿಗೆ ಹೊರಟಾಗ ಕೈ ಚಾಚಿ ಕೇಳಿಯೇಬಿಟ್ಟೆ.

"ಅಲ್ಲಿ ನೀ ವಿಮಾನಾನೂ ಹಾರಸು. ಇಲ್ಲಿ ಬ್ಯಾಡ," ಎಂದರು ಅಪ್ಪ.

"ಕೊಡ್ರೀ ಅತ್ಲಾಗ," ಎಂದಳು ಅವ್ವ. "ಅಷ್ಟ್ ದೂರದಿಂದ ಬಂದದ ಕೂಸು."

ಕೀಲಿ ಸಿಕ್ಕಿತು! ಸಂಭ್ರಮದಲ್ಲಿ ಎಡಗಡೆಯ ಬಾಗಿಲು ತೆರೆದು ಕೂತೆ, ನೋಡಿದರೆ ಸ್ಟೇರಿಂಗೇ ಇಲ್ಲ. ಆ ದೇಶದಲ್ಲಿ ಅದು ಎಡಕ್ಕಿರುತ್ತದೆ. ಅವ್ವ "ಅಗಬಾಯೀ!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ಇಲ್ಲಿ ರಸ್ತೆಯ ಎಡಕ್ಕೆ, ಎಡಕ್ಕೆ ಎಂದು ಬಾಯಲ್ಲೇ ಜಪಿಸುತ್ತ ಹೊರಟೆ. ವಲಾಂಡಿ ದಾಟುವ ಹೊತ್ತಿಗೆ ಕೈ ಕುದುರಿತ್ತು. ಎರಡೂ ಬದಿಗೆ ಹಸಿರು ತೊಗರಿ ಹೊಲ, ಎದುರಿಗೆ ಸೋಯಾಬೀನ್ ತುಂಬಿದ ಟ್ರ್ಯಾಕ್ಟರು, ಹಣೆಯ ತುಂಬ ವಿಭೂತಿ, ಕೈಯಲ್ಲಿ ಗಾಡಿ! ಇಷ್ಟು ಖುಷಿಯನ್ನು ನಾನು ಯಾವ ದೇಶದಲ್ಲೂ ಕಂಡಿರಲಿಲ್ಲ. ಅಪ್ಪ ಪಕ್ಕದಲ್ಲಿ ಕೂತು ಇಲ್ಲದ ಬ್ರೇಕನ್ನು ತುಳಿಯುತ್ತಲೇ ಇದ್ದರು. ಗಂಟುಮೂಟೆ ಕಟ್ಟಿರಿ ಎಂದು ಗಂಡನಿಗೆ ಇವತ್ತೇ ಹೇಳಿಬಿಡಬೇಕು ಅಂದುಕೊಂಡೆ.

ಉದಗೀರು ಕಾಣುತ್ತಿದ್ದಂತೆ ಅಪ್ಪ ಅಂದರು: "ನಿಲ್ಲಸು. ಇನ್ನ ನಾ ನಡಸ್ತೀನಿ."

"ಯಾಕ್ರೀ ಅಪ್ಪಾ? ನನಗ ಬರಂಗಿಲ್ಲೇನು?"

"ಚಲೋ ಬರ್ತದ. ನನಗಿಂತಾ ಚಲೋ ನಡಸ್ತಿ. ಅದಕ್ಕs ಇಳಿ ಅಂದೆ. ಮೋಂಢಾದಾಗ ಎಲ್ಲಾರೂ ಗುರ್ತಿನವ್ರು, ಮಗಳ ಕೈಯಾಗ ಗಾಡಿ ಕೊಟ್ಟು ಕುಂತಾನ ಅಂತಾರ."

ಇಳಿದು ಹಿಂದಿನ ಸೀಟಿಗೆ ಹೋಗಿ ಅವ್ವನ ಪಕ್ಕ ಕೂತೆ. ಆದರೂ ಕೇಳಿದೆ: "ನಾವು ಕಾಯಂ ಇಲ್ಲೇ ಬಂದ್ರ ಕೀಲಿ ಕೊಡ್ತೀರೇನ್ರೀ?"

"ಮೊದ್ಲ ಬಾ. ನೋಡೂಣು."

ನಮ್ಮಪ್ಪನ 'ನೋಡೂಣು' ಏನೆಂದು ನನಗೆ ಚೆನ್ನಾಗಿ ಗೊತ್ತು. ಕಾಲೇಜಿಗೆ ಹೋಗುತ್ತೇನೆ ಎಂದಾಗಲೂ ಅದನ್ನೇ ಅಂದಿದ್ದರು, ಆ ಮಳೆಗಾಲದಲ್ಲೇ ಮದುವೆ ಮಾಡಿದ್ದರು. ಅವರು ಗಾಡಿ ನಿಲ್ಲಿಸಿ ಅಂಗಡಿಯೊಳಗೆ ಹೋದ ಕೂಡಲೇ ಗಂಡನಿಗೆ ಫೋನು ಹಚ್ಚಿದೆ.

"ಸಹಿ ಮಾಡ್ರೀ," ಎಂದೆ.

"ನಿಜವಾಗ್ಲೂ?"

"ಹೂಂ. ಪರದೆ ಎಳಕೊಂಡs ಪೂಜಿ ಮಾಡ್ತೀನಿ. ಮಾಡ್ರಿ ನೀವು."

ಫೋನು ಇಟ್ಟೆ. ಅವ್ವ ಬೈಯುತ್ತಾಳೆ, ಇಲ್ಲವೇ ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ತಲೆಯ ಮೇಲಿನ ಸೆರಗನ್ನು ಸರಿಮಾಡಿಕೊಂಡು, ಅಂಗಡಿಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಕೇಳಿದಳು:

"ಅಲ್ಲಿ ನನ್ನಂಥಾ ಮುದುಕಿಗೂ ಕಲಸ್ತಾರೇನು?"