ಬಾಸ್ಕೆಟ್ ಕೆಳಗಿನ ಒದ್ದೆ ನೆಲ

ಭಾನುವಾರ. ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಯುರೋಪಿನ ಕೌನಸ್ ನಗರದ ಬಾಸ್ಕೆಟ್‌ಬಾಲ್ ಕ್ರೀಡಾಂಗಣದಲ್ಲಿ ಸಾವಿರಾರು ಖಾಲಿ ಕುರ್ಚಿಗಳ ನಡುವೆ ಹೆಂಗಸೊಬ್ಬರು ಮರದ ನೆಲ ಒರೆಸುತ್ತಿದ್ದಾರೆ. ಅಗಲವಾದ ಮಾಪ್ ತಳ್ಳುತ್ತ ಆ ತುದಿಗೆ ಹೋಗುತ್ತಾರೆ, ಈ ತುದಿಗೆ ಬರುತ್ತಾರೆ. ಎಡಗಡೆಯ ಬಾಸ್ಕೆಟ್ ಕೆಳಗೆ ಬಂದಾಗ ಮಾತ್ರ ಮಾಪ್ ಪಕ್ಕಕ್ಕಿಟ್ಟು, ಮಂಡಿಯೂರಿ, ಕೈಬಟ್ಟೆಯಿಂದ ತಿಕ್ಕುತ್ತಾರೆ. ಅಲ್ಲಿ ಒದ್ದೆ ಏನೂ ಇಲ್ಲ.

ಔದ್ರೋನೆ ಅವರಿಗೆ ಐವತ್ತೇಳು ವರ್ಷ. ಕಾಲುಚೀಲದ ಕಾರ್ಖಾನೆ ಮುಚ್ಚಿದ ಮೇಲೆ ಇಲ್ಲಿಗೆ ಬಂದವರು. ಆಟ ನಡೆಯುವಾಗ ಬಾಸ್ಕೆಟ್ ಹಿಂದೆ ಪುಟ್ಟ ಸ್ಟೂಲಿನ ಮೇಲೆ ಕೂರುವುದು, ಆಟಗಾರ ಬಿದ್ದೆದ್ದ ಜಾಗದ ಬೆವರು ಒರೆಸಿ ಓಡಿಬರುವುದು ಅವರ ಕೆಲಸ. "ಎಲ್ರೂ ಚೆಂಡು ನೋಡ್ತಾರೆ, ನಾನು ನೆಲ ನೋಡ್ತೀನಿ. ಯಾರು ಗೆದ್ರು ಅಂತ ಎಷ್ಟೋ ಸಲ ಮನೆಗೆ ಹೋಗಿ ಕೇಳಿದ್ದೀನಿ" ಎನ್ನುತ್ತಾರೆ.

ಯುರೋಪಿನ ನಾಲ್ಕು ದೊಡ್ಡ ಕ್ಲಬ್‌ಗಳು ಕಪ್ಪಿಗಾಗಿ ಸೆಣಸುವ ಫೈನಲ್ ಫೋರ್ ಈ ಸಲ ಇದೇ ಊರಲ್ಲಿ. ನಾಲ್ಕರಲ್ಲಿ ಒಂದು ಊರಿನದೇ ತಂಡ. ಶುಕ್ರವಾರದ ಸೆಮಿಫೈನಲ್‌ನಲ್ಲಿ ಊರಿನ ಹುಡುಗ ಕಸ್ಪಾರಸ್ ಇದೇ ಬಾಸ್ಕೆಟ್ ಕೆಳಗೆ ಜಾರಿಬಿದ್ದ. ಮಂಡಿ ಹೋಯಿತು. ಇನ್ನು ಆಡುವುದು ಕಷ್ಟ ಎಂದು ಡಾಕ್ಟರು ಹೇಳಿದ್ದಾರೆ. ತಂಡ ಸೋತಿತು. ಸೋತ ಊರಿಗೆ ಬೈಯಲು ಒಬ್ಬರು ಬೇಕಿತ್ತು. ನೆಲ ಒರೆಸದೆ ಸ್ಟೂಲಿನ ಮೇಲೆ ಕೂತ ಹೆಂಗಸು ಟಿವಿಯಲ್ಲಿ ಕಂಡಳು, ಅಷ್ಟು ಸಾಕಾಯಿತು.

ಮೇಲ್ವಿಚಾರಕ ಎಗಿದಿಯಸ್ ಹತ್ತಿರ ಬರುತ್ತಾರೆ. ಮಧ್ಯಾಹ್ನ ಮೂರನೇ ಸ್ಥಾನದ ಆಟವಿದೆ.

"ಅಕ್ಕಾ, ಇವತ್ತು ಆಟದ ಹೊತ್ತಲ್ಲಿ ನೀನು ಒಳಗಿನ ಕೋಣೇಲೇ ಇದ್ದುಬಿಡು. ಜನ ಕೂಗಾಡ್ತಾರೆ."

"ಕೂಗ್ಲಿ. ಗಂಟಲು ಅವರದ್ದು."

"ಹಠ ಮಾಡ್ಬೇಡ. ಇವತ್ತು ಎದ್ದುಹೋದ್ರೆ ಮುಂದಿನ ವರ್ಷ ಮತ್ತೆ ಕೂರ್ಸೋದು ನೋಡೋಣ."

"ಇವತ್ತು ಎದ್ದುಹೋದ್ರೆ ತಪ್ಪು ನಂದೇ ಅಂತ ಒಪ್ಕೊಂಡ ಹಾಗೆ. ಆಮೇಲೆ ಯಾವ ಸ್ಟೂಲೂ ಇಲ್ಲ ನಂಗೆ."

ಅಷ್ಟರಲ್ಲಿ ಬಾಗಿಲ ಬಳಿ ಊರುಗೋಲಿನ ಸದ್ದು. ಕಸ್ಪಾರಸ್. ತನ್ನ ಸಾಮಾನು ಒಯ್ಯಲು ಬಂದಿದ್ದಾನೆ.

"ಯಾಕಕ್ಕಾ ಯಾರಿಗೂ ಹೇಳ್ಲಿಲ್ಲ ನೀನು?" ಹುಡುಗ ಔದ್ರೋನೆಯನ್ನು ಕೇಳುತ್ತಾನೆ.

"ಏನಂತ ಹೇಳ್ಲಿ? ಕಾಲು ಕಳ್ಕೊಂಡೋನ ಮೇಲೆ ದೂರು ಹೇಳ್ಲಾ?"

ಶುಕ್ರವಾರ ನಡೆದದ್ದು ಇಷ್ಟು. ಕಸ್ಪಾರಸ್ ಅದೇ ಜಾಗದಲ್ಲಿ ಆಗಷ್ಟೇ ಒಮ್ಮೆ ಬಿದ್ದೆದ್ದಿದ್ದ, ನೆಲ ಬೆವರಿನಿಂದ ಒದ್ದೆಯಾಗಿತ್ತು. ಉಳಿದವರೆಲ್ಲ ಆಚೆ ತುದಿಗೆ ಓಡಿದರು, ಇವನೊಬ್ಬ ಹಿಂದೆ ಉಳಿದ. ಔದ್ರೋನೆ ಬಟ್ಟೆ ಹಿಡಿದು ಎದ್ದರು. ಆಚೆ ಚೆಂಡು ತಮ್ಮವರ ಕೈಗೆ ಸಿಗುವುದು ಅವನಿಗೆ ಕಂಡಿತ್ತು. ಈಕೆ ಒಳಗೆ ಬಂದರೆ ರೆಫರಿ ಸೀಟಿ ಊದಿ ಆಟ ನಿಲ್ಲಿಸುತ್ತಾರೆ, ಸುಲಭದ ಅಂಕ ತಪ್ಪುತ್ತದೆ. ಕೂತ್ಕೋ ಎಂದು ಕೈ ಮಾಡಿದ. ಈಕೆ ಕೂತರು. ಉದ್ದನೆಯ ಪಾಸ್ ಬಂತು. ಅವನು ನೆಗೆಯಲು ಕಾಲೂರಿದ್ದು ತನ್ನದೇ ಬೆವರಿನ ಮೇಲೆ.

ಅದನ್ನು ಕಸ್ಪಾರಸ್ ಆ ಭಾನುವಾರ ಬೆಳಿಗ್ಗೆಯೇ ಪತ್ರಕರ್ತರ ಮುಂದೆ ಹೇಳಿದ. ಎರಡು ದಿನ ಈಕೆಯ ಮೇಲೆ ಮನಸ್ಸಿಗೆ ಬಂದಂತೆ ಬರೆದವರು ತಲೆ ತಗ್ಗಿಸಿ ಬರೆದುಕೊಂಡರು. ಕ್ಷಮೆ ಕೇಳಲು ಮಾತ್ರ ಒಬ್ಬರೂ ಔದ್ರೋನೆ ಬಳಿ ಹೋಗಲಿಲ್ಲ.

ಮಧ್ಯಾಹ್ನ ಅರ್ಧ ಖಾಲಿ ಕ್ರೀಡಾಂಗಣದಲ್ಲಿ ಔದ್ರೋನೆ ತಮ್ಮ ಸ್ಟೂಲಿನ ಮೇಲೆ ಕೂರುತ್ತಾರೆ. ಯಾರೂ ಕೂಗುವುದಿಲ್ಲ, ಚಪ್ಪಾಳೆಯೂ ಇಲ್ಲ. ಊರಿನ ತಂಡಕ್ಕೆ ಮೂರನೇ ಸ್ಥಾನ ಸಿಗುತ್ತದೆ. ಯಾರೂ ಕುಣಿಯುವುದಿಲ್ಲ.

ಆಟ ಮುಗಿದ ಮೇಲೆ ಔದ್ರೋನೆ ಬೆಳ್ಳುಳ್ಳಿ ಹಚ್ಚಿ ಕರಿದ ಕಪ್ಪು ಬ್ರೆಡ್ಡನ್ನು ಕೈಯಲ್ಲೇ ಹಿಡಿದು ಕೂತಿದ್ದಾರೆ. ತಿನ್ನುತ್ತಿಲ್ಲ. ಈಗಲಾದರೂ ಸಮಾಧಾನವೇ ಎಂದರೆ ಇಲ್ಲವೆಂದು ತಲೆ ಅಲ್ಲಾಡಿಸುತ್ತಾರೆ.

"ಅವನು ಕೈ ಮಾಡಿದ್ದು ನಿಜ. ಆದ್ರೆ ಕೂತಿದ್ದು ನಾನು. ನೆಲ ನೋಡೋಕೆ ಇಟ್ಟಿದ್ದು ನನ್ನ. ಅವನ ಕೈ ನೋಡಿದೆ." ಬ್ರೆಡ್ಡನ್ನು ಕಾಗದದಲ್ಲಿ ಸುತ್ತಿಡುತ್ತಾರೆ. "ಇನ್ಮೇಲೆ ಯಾರು ಕೈ ಮಾಡಿದ್ರೂ ಕೂರಲ್ಲ. ಸೀಟಿ ಊದಿದ್ರೆ ಊದ್ಕೊಳ್ಲಿ, ಆಟ ನಿಂತ್ರೆ ನಿಲ್ಲಲಿ. ಒರೆಸಿಯೇ ಈಚೆ ಬರೋದು."