ಅಂತಃಕಲಹಕ್ಕೆ ರಾಜನೆಷ್ಟು ಕಾರಣ

ನಮ್ಮ ಅಡುಗೆಮನೆಯ ಕಟ್ಟೆಯ ಮೇಲೆ ಈಚೆಗೆ ಒಂದು ಶೇಂಗಾ ಚಟ್ನಿಪುಡಿಯ ಬಾಟಲಿ ಬಂದು ಕೂತಿದೆ. ತಾನಾಗಿ ಬಂದದ್ದಲ್ಲ, ಹೊಳೆಯಾಚೆ ಮ್ಯಾನ್‌ಹ್ಯಾಟನ್ ಕಾಣುವ ಫೋರ್ಟ್ ಲೀಯಲ್ಲಿರುವ ನನ್ನ ನಾದಿನಿ ವಿಜಯಾ ತಾನೇ ಕುಟ್ಟಿ, ತುಂಬಿ, ನನ್ನ ಮಗಳು ಇಂಚರಳ ಕೈಯಲ್ಲಿ ಕೊಟ್ಟು ಕಳಿಸಿದ್ದು. ಕಡಲೆಬೇಳೆ, ಉದ್ದಿನಬೇಳೆ ಹುರಿದು ಕೊಬ್ಬರಿ ಬೆರೆಸಿ ಮೈಸೂರಿನ ಕ್ರಮದಲ್ಲಿ ನಾನು ಮಾಡುವ ಚಟ್ನಿಪುಡಿ ಇಷ್ಟು ವರ್ಷ ಆ ಜಾಗವನ್ನು ನಿಶ್ಚಿಂತೆಯಾಗಿ ಆಳಿಕೊಂಡಿತ್ತು. ಈಗ ಟೋಸ್ಟರಿನ ಹಿಂದಕ್ಕೆ ಸರಿದು ಗೋಡೆ ನೋಡುತ್ತಿದೆ. ಬಾಟಲಿಯೊಂದನ್ನು ಕಂಡು ಯಾರಾದರೂ ಹೊಟ್ಟೆಕಿಚ್ಚು ಪಡುತ್ತಾರೆಯೇ ಎಂದು ನೀವು ನಗಬಹುದು. ನಗಿ, ಅಡ್ಡಿಯಿಲ್ಲ. ನಾನು ಪಡುತ್ತೇನೆ.

ಹೊಟ್ಟೆಕಿಚ್ಚು ಎಂಬ ಮಾತನ್ನು ಕಟ್ಟಿದವರು ಯಾರೋ ಅನುಭವಸ್ಥರೇ ಇರಬೇಕು. ಅಸೂಯೆ, ಮತ್ಸರ, ಈರ್ಷ್ಯೆಗಳೆಲ್ಲ ರೇಷ್ಮೆಯುಟ್ಟು ಬಂದ ನೆಂಟರ ಹಾಗೆ ನಡುಮನೆಯಲ್ಲಿ ಕೂತು, ಕಾಫಿ ಕುಡಿದು ಎದ್ದು ಹೋಗುತ್ತವೆ. ಹೊಟ್ಟೆಕಿಚ್ಚು ಮಾತ್ರ ಯಾರನ್ನೂ ಕೇಳದೆ ನೇರ ಒಳಗೆ ನುಗ್ಗಿ ಒಲೆ ಹೊತ್ತಿಸಿಬಿಡುತ್ತದೆ. ಈ ವಯಸ್ಸಿನಲ್ಲಿ, ಬಾಸ್ಕಿಂಗ್ ರಿಡ್ಜಿನಂಥ ತಣ್ಣನೆಯ ಊರಿನಲ್ಲಿ, ಅದೂ ಸ್ವಂತ ನಾದಿನಿಯ ಮೇಲೆ ಅದು ಹೊತ್ತಿಕೊಳ್ಳಬಾರದಿತ್ತು. ಹೊತ್ತಿಕೊಂಡಿದೆ, ಏನು ಮಾಡಲಿ?

ನಿಜ ಹೇಳಬೇಕೆಂದರೆ ನನ್ನ ಸಂಕಟ ಪುಡಿಯದಲ್ಲ, ನುಡಿಯದು. ಇಲ್ಲೇ ಹುಟ್ಟಿ, ಇಲ್ಲೇ ಬೆಳೆದು, ಹೈಸ್ಕೂಲು ಓದುತ್ತಿರುವ ನನ್ನ ಮಗಳು ನಾನು ಕನ್ನಡದಲ್ಲಿ ಏನು ಕೇಳಿದರೂ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ಇಲ್ಲಿ ಎಲ್ಲರ ಮನೆಯ ಮಕ್ಕಳೂ ಹಾಗೆಯೇ ಎಂದು ಸಮಾಧಾನ ಮಾಡಿಕೊಂಡಿದ್ದೆ. ಆದರೆ ಅದೇ ಹುಡುಗಿ ತನ್ನ ಅತ್ತೆಯ ಜೊತೆ ಫೋನಿನಲ್ಲಿ, ಕದ ಹಾಕಿಕೊಂಡು, ತಪ್ಪೋ ಒಪ್ಪೋ, ಕನ್ನಡವನ್ನೇ ಆಡುತ್ತಾಳೆ ಎಂಬುದು ಒಂದು ದಿನ ಒಗೆದ ಬಟ್ಟೆಯ ಬುಟ್ಟಿ ಹಿಡಿದು ಅವಳ ಕೋಣೆಯ ಮುಂದೆ ಹಾದುಹೋಗುವಾಗ ನನ್ನ ಕಿವಿಗೆ ಬಿತ್ತು. ಅವಳು ‘ಅತ್ಯಾ, ನಾನು ಇವತ್ತು ತುಂಬಾ ಸುಸ್ತು ಆಯ್ತು’ ಎನ್ನುತ್ತಿದ್ದಳು. ಸುಸ್ತಾದ ಸುದ್ದಿಯನ್ನು ನನಗೆ ಯಾವ ಭಾಷೆಯಲ್ಲೂ ಹೇಳಿರಲಿಲ್ಲ. ‘ನಾನು ಅಲ್ಲ, ನನಗೆ’ ಎಂದು ಬಾಗಿಲಾಚೆಯಿಂದಲೇ ತಿದ್ದಿದೆ. ಒಳಗೆ ಮಾತು ನಿಂತುಹೋಯಿತು.

ಇಷ್ಟರ ಮೇಲೆ ಬಂತು ನೋಡಿ, ಅವಳ ಶಾಲೆಯ ಆ ಪ್ರಬಂಧ. ಇಂಗ್ಲೆಂಡಿನಲ್ಲಿ ಒಬ್ಬ ದೊರೆಯಿದ್ದನಲ್ಲ, ಹೆಸರು ಬಿಡಿ, ಕೊನೆಗೆ ತಲೆಯನ್ನೇ ಕಳೆದುಕೊಂಡವನು. ಅವನ ನಾಡಿನಲ್ಲಿ ಅವನ ಪ್ರಜೆಗಳೇ ಎರಡು ಪಾಲಾಗಿ ಹೊಡೆದಾಡಿದ್ದಕ್ಕೆ ಅವನೆಷ್ಟರಮಟ್ಟಿಗೆ ಕಾರಣ ಎಂಬುದೇ ವಿಷಯ. ಊಟಕ್ಕೆ ಕೂತಾಗ ಇಂಚರಳ ಬಾಯಿಂದ ಇದನ್ನು ಕೇಳಿ ನನ್ನ ಬೆನ್ನು ನೆಟ್ಟಗಾಯಿತು. ಈಗ ವಿಮೆಯ ಕಂಪನಿಯೊಂದರಲ್ಲಿ ಕಂಪ್ಯೂಟರಿನ ಮುಂದೆ ಕೂರುವವಳಾದರೂ ನಾನು ಓದಿದ್ದು ಇತಿಹಾಸ, ಅದೂ ಎಂ.ಎ. ಈ ಮನೆಯಲ್ಲಿ ಆ ಓದು ಯಾರಿಗೂ ಬೇಕಾಗಿರಲಿಲ್ಲ. ‘ಅದಕ್ಕೆ ಕನ್ನಡದಲ್ಲಿ ಅಂತಃಕಲಹ ಅಂತಾರೆ’ ಎಂದು ಶುರುಮಾಡಿದೆ. ಅಂತರ್ಯುದ್ಧ ಎಂಬ ಮಾತೂ ಇದೆ, ಆದರೆ ಮೈಸೂರಿನಲ್ಲಿ ನಮಗೆ ಪಾಠ ಹೇಳಿದ ಮೇಷ್ಟರಿಗೆ ಕಲಹವೇ ಇಷ್ಟ, ಅದರಲ್ಲಿ ಒಂದೇ ಮನೆಯವರ ಜಗಳದ ವಾಸನೆಯಿದೆ ಎನ್ನುತ್ತಿದ್ದರು ಎಂದೆಲ್ಲ ವಿವರಿಸುತ್ತಾ ಹೋದೆ. ತೆರಿಗೆಗೆ ಬಂದೆ, ಧರ್ಮಕ್ಕೆ ಬಂದೆ, ಸ್ಕಾಟ್ಲೆಂಡಿಗೂ ಹೋಗಿಬಂದೆ. ಅನ್ನ ಆರಿತು. ‘ಇಟ್ಸ್ ಓಕೆ, ಅಮ್ಮ, ಭಾನುವಾರ ಅತ್ಯಾ ಜೊತೆ ಡಿಸ್ಕಸ್ ಮಾಡ್ತೀನಿ’ ಎಂದು ಮಗಳು ತಟ್ಟೆ ಎತ್ತಿಕೊಂಡು ಹೋದಳು.

ಅತ್ಯಾ ಜೊತೆ! ಧಾರವಾಡದಲ್ಲಿ ಸಿವಿಲ್ ಎಂಜಿನಿಯರಿಂಗ್ ಓದಿ ಮ್ಯಾನ್‌ಹ್ಯಾಟನ್ನಿನಲ್ಲಿ ಕಟ್ಟಡಗಳ ಅಡಿಪಾಯ ನೋಡುವ ವಿಜಯಾಗೆ ಆ ದೊರೆಯ ತಲೆ ಹೋದದ್ದಾದರೂ ಗೊತ್ತೋ ಇಲ್ಲವೋ. ‘ಸಿವಿಲ್ ಎಂಜಿನಿಯರಿಗೆ ಸಿವಿಲ್ ವಾರ್ ಗೊತ್ತಿರಬೇಕಲ್ಲ’ ಎಂದು ನನ್ನ ಗಂಡ ತಮಾಷೆ ಮಾಡಿದರು. ನನಗೆ ನಗು ಬರಲಿಲ್ಲ.

ಆ ವಾರವೆಲ್ಲ ಕೆಲಸದ ನಡುವೆ ಆ ದೊರೆಯದೇ ಯೋಚನೆ. ತನ್ನ ಅಧಿಕಾರ ದೇವರಿಂದಲೇ ಬಂದದ್ದು, ಅದಕ್ಕೆ ಯಾರ ಒಪ್ಪಿಗೆಯೂ ಬೇಡ ಎಂದು ಅವನು ನಂಬಿದ್ದನಂತೆ. ಇದನ್ನು ಓದುವಾಗ ಎಂಥ ಮೂರ್ಖ ಎಂದುಕೊಂಡಿದ್ದೆ. ತಾಯಿಯಾದ ಮೇಲೆ ಅಷ್ಟು ಖಂಡಿತವಾಗಿ ಹೇಳಲಾರೆ. ಹೆತ್ತವಳು ನಾನು, ಜ್ವರ ಬಂದಾಗ ಎದ್ದು ಕೂತವಳು ನಾನು, ಸಾಲದ್ದಕ್ಕೆ ಎಂ.ಎ. ಮಾಡಿದವಳೂ ನಾನೇ, ಆದ್ದರಿಂದ ಇವಳ ಪ್ರಶ್ನೆಗಳೆಲ್ಲ ಮೊದಲು ನನ್ನ ಸನ್ನಿಧಿಗೇ ಬರಬೇಕು ಎನ್ನುವುದು ದೈವದತ್ತ ಹಕ್ಕಲ್ಲದೆ ಮತ್ತೇನು? ಯಾವ ರಾಜನೂ ತಾನು ಯುದ್ಧ ಹೂಡುತ್ತಿದ್ದೇನೆ ಎಂದುಕೊಂಡು ಹೂಡಿರಲಾರ. ತನ್ನದನ್ನು ತಾನು ಉಳಿಸಿಕೊಳ್ಳುತ್ತಿದ್ದೇನೆ, ಕೆಣಕಿದವರು ಆಚೆಯವರು ಎಂದೇ ಅವನ ಎಣಿಕೆ. ಈ ದೊರೆಯಂತೂ ಎದುರುಮಾತಾಡಿದವರನ್ನು ಹಿಡಿಯಲು ಸಿಪಾಯಿಗಳನ್ನು ಕಟ್ಟಿಕೊಂಡು ಪಾರ್ಲಿಮೆಂಟಿನ ಒಳಗೇ ನುಗ್ಗಿದ. ಹೋಗಿ ನೋಡಿದರೆ ಅವರು ಆಗಲೇ ಜಾಗ ಖಾಲಿ ಮಾಡಿದ್ದರು. ಆ ಖಾಲಿ ಆಸನಗಳ ಮುಂದೆ ಅವನ ಮುಖ ಹೇಗಾಗಿತ್ತೋ ಎಂದು ಮೊದಲ ಸಲ ಕನಿಕರ ಹುಟ್ಟಿತು.

ಭಾನುವಾರ ಬೆಳಿಗ್ಗೆ, ಎಂದಿನಂತೆ ಇಂಚರಳನ್ನು ಅತ್ತೆಯ ಮನೆಗೆ ಬಿಡಲು ಹೊರಟ ಗಂಡನ ಕೈಯಿಂದ ಕಾರಿನ ಕೀ ಇಸಿದುಕೊಂಡು ‘ಇವತ್ತು ನಾನೇ ಡ್ರೈವ್ ಮಾಡ್ತೀನಿ’ ಎಂದೆ. ಇಂಚರ ಒಮ್ಮೆ ನನ್ನ ಮುಖ ನೋಡಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡಳು. ಮ್ಯಾನ್‌ಹ್ಯಾಟನ್ನಿಗೆ ದಾಟುವ ಬ್ರಿಡ್ಜಿನ ಕಡೆಗೆ ಸಾಗುವ ಕಾರುಗಳ ಸಾಲಿನಲ್ಲಿ ತೆವಳುತ್ತಾ, ಇವರಿಬ್ಬರೂ ಮಾತಾಡುವುದನ್ನು ಕಣ್ಣಾರೆ ಕಂಡು ಅದರಲ್ಲಿರುವ ಗುಟ್ಟನ್ನು ಹಿಡಿಯಲೇಬೇಕು ಎಂದು ಹಲ್ಲು ಕಚ್ಚಿಕೊಂಡಿದ್ದೆ.

‘ಬರ್ರಿ ವೈನಿ, ಅಪರೂಪಕ್ಕ ಬಂದೀರಿ’ ಎಂದು ವಿಜಯಾ ಬಾಗಿಲು ತೆರೆದಳು. ಬಡಿಸುತ್ತಾ ಬಡಿಸುತ್ತಾ, ‘ಎಷ್ಟ ಅಂತಃಕರಣ ಅದ ನೋಡ್ರಿ ಈ ಹುಡುಗಿಗೆ, ಬಂದ ಕೂಡ್ಲೆ ನನ್ನ ಗಿಡಕ್ಕೆ ತಾನಾ ನೀರ ಹಾಕ್ತಾಳ’ ಎಂದಳು. ಅವರ ಕಡೆ ಮಾತಿಗೊಮ್ಮೆ ಅಂತಃಕರಣ. ನಾವು ಅಕ್ಕರೆ, ಕಕ್ಕುಲಾತಿ ಎನ್ನುವಲ್ಲೆಲ್ಲ ಅವರಿಗೆ ಅದೊಂದೇ ಸಾಕು. ನಮ್ಮ ಮನೆಯ ಕಿಟಕಿಯಲ್ಲಿ ಒಣಗುತ್ತಿರುವ ತುಳಸಿ ನನ್ನ ಕಣ್ಣಿಗೆ ಕಟ್ಟಿತು.

ರೊಟ್ಟಿ ಮುರಿಯುತ್ತಾ ಇಂಚರ ಶುರುಮಾಡಿದಳು. ‘ಅತ್ಯಾ, ರಾಜ ಪಾರ್ಲಿಮೆಂಟ್ ಕ್ಲೋಸ್ ಮಾಡ್ತು. ಜನ ಕೋಪ ಬಂತು. ಆಮೇಲೆ ದೊಡ್ಡ ಅಂತಃಕರಣ ಸ್ಟಾರ್ಟ್ ಆಯ್ತು. ತುಂಬಾ ಜನ ಸತ್ತರು.’

ಅಂತಃಕರಣದಿಂದ ಜನ ಸತ್ತರು! ನಾನು ಕೊಟ್ಟ ಪದದ ತಲೆಗೆ ಅತ್ತೆಯ ಪದದ ಬಾಲ ಸೇರಿಸಿ ಹುಡುಗಿ ಯುದ್ಧವನ್ನೇ ಪ್ರೀತಿಯಾಗಿಸಿಬಿಟ್ಟಿದ್ದಳು. ಒಂದು ಪದದೊಳಗೂ ನನಗೆ ಪೂರ್ತಿ ಜಾಗ ಬಿಡಲಿಲ್ಲವಲ್ಲ ಈ ವಿಜಯಾ ಎಂದು ಹೊಟ್ಟೆ ಉರಿಯಿತು. ರಾಜ ಮಾಡ್ತು ಅಲ್ಲ, ಮಾಡಿದ. ಜನ ಅಲ್ಲ, ಜನಕ್ಕೆ. ತಿದ್ದುಪಡಿಗಳು ನನ್ನ ನಾಲಿಗೆಯ ತುದಿಯಲ್ಲಿ ನೂಕಾಡುತ್ತಿದ್ದವು. ವಿಜಯಾ ಮಾತ್ರ ಹುಬ್ಬನ್ನೂ ಏರಿಸಲಿಲ್ಲ, ನಗಲೂ ಇಲ್ಲ. ‘ಹೌದಾ? ಮುಂದ?’ ಎಂದಳು, ನಿಜಕ್ಕೂ ಮುಂದಿನದು ಬೇಕಾದವಳಂತೆ. ಇಷ್ಟು ದೂರ ಬಂದು ನಾನು ಹಿಡಿಯಬೇಕಾಗಿದ್ದ ಗುಟ್ಟು ಇಷ್ಟೇ ಆಗಿತ್ತು.

ಇಂಚರ ಮುಂದುವರಿಸಲಿಲ್ಲ. ಏಟು ಬೀಳಲಿದೆ ಎಂದು ಗೊತ್ತಿದ್ದವಳ ಹಾಗೆ ನನ್ನ ಕಡೆ ತಿರುಗಿ ‘ತಪ್ಪಾ, ಅಮ್ಮ?’ ಎಂದಳು. ಕನ್ನಡದಲ್ಲಿ ಕೇಳಿದ್ದಳು. ಬಾಯಿಗೆ ಬಂದದ್ದನ್ನು ರೊಟ್ಟಿಯ ತುತ್ತಿನ ಜೊತೆ ನುಂಗಿಕೊಂಡೆ, ಸುಲಭವಾಗಿ ಇಳಿಯಲಿಲ್ಲ.

‘ಅರ್ಥ ಆಯ್ತು, ಹೇಳು’ ಎಂದೆ.

‘ನಿಂಗೆ ಏನು ಅನ್ಸುತ್ತೆ? ರಾಜಂದೇ ಫಾಲ್ಟಾ?’

ಇಷ್ಟು ವರ್ಷ ಕಾದಿದ್ದ ಪ್ರಶ್ನೆ, ಅದೂ ನಾದಿನಿಯ ಎದುರಿಗೇ. ನನ್ನ ತಲೆಯ ಕಪಾಟಿನ ತುಂಬ ಉತ್ತರಗಳಿದ್ದವು. ಯಾವುದನ್ನೂ ತೆಗೆಯದೆ, ‘ನಿಂಗೆ ಏನನ್ಸುತ್ತೆ, ಅದನ್ನ ಹೇಳು’ ಎಂದೆ.

ಅವಳು ಕೈಯಲ್ಲಿದ್ದ ರೊಟ್ಟಿಯ ಚೂರನ್ನು ತಟ್ಟೆಗಿಟ್ಟಳು. ‘ಐ ಥಿಂಕ್ ಅವನು ಜೆಲಸ್, ಅಮ್ಮ. ಜನ ಎಲ್ಲ ಪಾರ್ಲಿಮೆಂಟ್ ಹತ್ರ ಹೋಗ್ತು, ಯಾಕಂದ್ರೆ ಪಾರ್ಲಿಮೆಂಟ್ ಅವರ ಮಾತು ಕೇಳ್ತು. ಅವನೂ ಕೇಳಿದ್ರೆ ವಾರ್ ಬರ್ತಿರ್ಲಿಲ್ಲ.’

ವಿಜಯಾ ಥಟ್ಟನೆ ಎದ್ದು, ಮೇಜಿನ ಮೇಲೆ ಮೊಸರು ಇದ್ದರೂ, ಮೊಸರು ತರುತ್ತೇನೆಂದು ಒಳಗೆ ಹೋದಳು.

‘ಇದನ್ನ ಪ್ರಬಂಧದಲ್ಲಿ ಬರ್ದಿದೀಯಾ?’ ಎಂದು ಕೇಳಿದೆ.

‘ನೋ. ಪ್ರೂಫ್ ಇಲ್ಲ.’

‘ಇದೆ, ಬರಿ’ ಎಂದೆ, ತಟ್ಟೆಯಿಂದ ತಲೆ ಎತ್ತದೆ.